12 ಹಸು, 116 ಅಂಕಿ

ಥೀಸಿಸ್‌ಗೆ 12 ಮಿಶ್ರತಳಿ ಹಸುಗಳನ್ನು ತಗೊಂಡಿದ್ದೆ. ಆರಕ್ಕೆ ಮಾಮೂಲಿ ಹಿಂಡಿ, ಇನ್ನಾರಕ್ಕೆ ಬೈಪಾಸ್ ಫ್ಯಾಟ್ (ಹಸುವಿನ ಮೊದಲ ಹೊಟ್ಟೆ ದಾಟಿ ಮುಂದೆ ಹೋಗಿ ಜೀರ್ಣವಾಗುವ ಕೊಬ್ಬು) ಬೆರೆಸಿದ ಹಿಂಡಿ. 10 ವಾರ, ವಾರಕ್ಕೊಂದು ದಿನ ಎರಡೂ ಹೊತ್ತಿನ ಹಾಲು ತೂಕ ಮಾಡಿ ಬರೆದುಕೊಂಡೆ. ಏಳನೇ ವಾರ ಒಂದು ಹಸುವಿಗೆ ಕೆಚ್ಚಲುಬಾವು ಬಂದು ಅದರ ಕೊನೆಯ ನಾಲ್ಕು ಅಳತೆ ಸಿಗಲಿಲ್ಲ. ಉಳಿದದ್ದು 116.

ಎರಡು ಗುಂಪಿನ ಎಲ್ಲಾ ಅಂಕಿ ಹಾಕಿ, ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್ ಮಾಡಿದೆ. ಪಿ ಬೆಲೆ, ಅಂದರೆ ಹಿಂಡಿಯಿಂದ ಏನೂ ವ್ಯತ್ಯಾಸವಿಲ್ಲದಿದ್ದರೂ ಬರೀ ಆಕಸ್ಮಿಕವಾಗಿ ಇಷ್ಟು ಅಂತರ ಕಾಣುವ ಸಾಧ್ಯತೆ, 0.003 ಬಂತು. ಖುಷಿಯಿಂದ ಸ್ಟ್ಯಾಟಿಸ್ಟಿಕ್ಸ್ ಮೇಡಂ ಹತ್ತಿರ ಓಡಿದೆ.

"ಹಸು ಎಷ್ಟಮ್ಮಾ?" ಅಂದರು.

"ಹನ್ನೆರಡು ಮೇಡಂ."

"ಮತ್ತೆ ನಿನ್ನ ಟೆಸ್ಟ್ 116 ಹಸು ಇವೆ ಅಂದುಕೊಂಡಿದೆಯಲ್ಲಾ?"

ನನಗೆ ಉಸಿರೇ ನಿಂತ ಹಾಗಾಯಿತು. ಈ ವಾರ ಜಾಸ್ತಿ ಹಾಲು ಕೊಟ್ಟ ಹಸು ಮುಂದಿನ ವಾರವೂ ಜಾಸ್ತಿಯೇ ಕೊಡುತ್ತದೆ, ಅಲ್ವಾ? ಅಂದರೆ ಎರಡನೇ ಅಳತೆ ಹೇಳುವ ಹೊಸ ವಿಷಯ ತುಂಬಾ ಕಡಿಮೆ. ನನ್ನ ಹಸುಗಳಲ್ಲಿ ಒಂದೇ ಹಸುವಿನ ಅಳತೆ ಅಳತೆಗಳ ನಡುವಿನ ಸಂಬಂಧ 0.7ರಷ್ಟಿತ್ತು (0 ಅಂದರೆ ಸಂಬಂಧವೇ ಇಲ್ಲ, 1 ಅಂದರೆ ಪೂರ್ತಿ ಸಂಬಂಧ). ಮೇಡಂ ಹಾಳೆಯ ಮೇಲೆ ಲೆಕ್ಕ ಹಾಕಿದರು: ಗುಂಪುಗಳನ್ನು ಹೋಲಿಸುವ ಮಟ್ಟಿಗೆ ಆ 116 ಅಂಕಿಗೆ ಸುಮಾರು 16 ಬಿಡಿ ಅಂಕಿಗಳ ತೂಕ ಮಾತ್ರ.

ಒಂದೇ ಹಸುವಿನ ಹಲವು ಅಳತೆಗಳಿಗಿರುವ ಹಳೆಯ ವಿಧಾನ ರಿಪೀಟೆಡ್ ಮೆಷರ್ಸ್ ಅನೋವಾ ಮಾಡೋಣ ಅಂದರೆ ಅದು ಕೆಚ್ಚಲುಬಾವಿನ ಹಸುವನ್ನು ಪೂರ್ತಿ ಬಿಟ್ಟುಬಿಡುತ್ತದೆ. ಆರು ವಾರ ನಸುಕಿಗೆ ಎದ್ದು ತೂಕ ಮಾಡಿದ್ದೆಲ್ಲಾ ಸುಮ್ನೆ ಹೋಗುತ್ತಿತ್ತು. ಅದಕ್ಕೇ ಮಿಕ್ಸೆಡ್ ಮಾಡೆಲ್ ಹಿಡಿದೆವು. ಅದು ಪ್ರತಿ ಹಸುವಿಗೂ ಅದರದ್ದೇ ಮಟ್ಟ ಇದೆ ಅಂತ ಒಪ್ಪಿಕೊಳ್ಳುತ್ತದೆ, ಸಿಕ್ಕಷ್ಟು ವಾರಗಳನ್ನು ಬಳಸಿಕೊಳ್ಳುತ್ತದೆ, ಪಕ್ಕಪಕ್ಕದ ವಾರಗಳು ಹೆಚ್ಚು ಹೋಲುತ್ತವೆ, ದೂರದವು ಕಡಿಮೆ ಅನ್ನುವುದನ್ನೂ ಬೇಕಾದರೆ ಸೇರಿಸಬಹುದು. ಆರ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಎನ್‌ಎಲ್‌ಎಂಇ ಪ್ಯಾಕೇಜ್ ಇದನ್ನೆಲ್ಲಾ ಮಾಡುತ್ತದೆ. ಆದರೆ ಬರೆದಿಟ್ಟ ಅಳತೆಗಳಲ್ಲಿ ಕಾಣದ ಹಾಲಿನ ಇಳಿತ ನೋಡಿ ನಾವು ಹಸುಗಳನ್ನು ಮಧ್ಯದಲ್ಲಿ ಬಿಟ್ಟಿದ್ದರೆ ಇದೂ ದಾರಿ ತಪ್ಪಿಸುತ್ತದೆ ಅಂತ ಮೇಡಂ ಎರಡು ಸಲ ಹೇಳಿದರು.

ಗುಂಪುಗಳ ನಡುವಿನ ಪಿ ಬೆಲೆ 0.3ಕ್ಕೆ ಹೋಯಿತು, ಅಂದರೆ ಆ ಅಂತರ ಆಕಸ್ಮಿಕವೂ ಆಗಿರಬಹುದು. ಆ ರಾತ್ರಿ ನಿದ್ದೆ ಬರಲಿಲ್ಲ. ಆದರೂ ಒಂದು ವಿಷಯ ಹಿಡಿದುಕೊಂಡೆ. ವಾರದಿಂದ ವಾರಕ್ಕೆ ಹಾಲು ಎಷ್ಟು ಇಳಿಯಿತು ಅನ್ನುವ ಪ್ರಶ್ನೆಗೆ ಪ್ರತಿ ಹಸುವನ್ನೂ ಅದರ ಜೊತೆಗೇ ಹೋಲಿಸುತ್ತೇವೆ. ಅಲ್ಲಿ ಇದೇ ಸಂಬಂಧ ನಮಗೆ ನೆರವಾಗುತ್ತದೆ.

ಮುಂದಿನ ಬ್ಯಾಚ್‌ಗೆ 24 ಹಸು ಕೇಳಿದ್ದೇನೆ, ಎರಡು ವಾರಕ್ಕೊಮ್ಮೆ ತೂಕ. ಆಗಲೂ ಅಂಕಿ 120 ಅಷ್ಟೇ.