ಪಂಚಮಿ ಉಂಡಿ: ಸಾಮಾನಿಗೆ ತೂಕ, ಪಾಕಕ್ಕೆ ಗುರುತು

ನಾಗರಪಂಚಮಿ ಹತ್ತಿರ ಬಂದರೆ ಕೊಪ್ಪಳ, ರಾಯಚೂರು ಕಡೆ ಫೋನಿನಲ್ಲಿ ಇದೇ ಮಾತು. ‘ಅಕ್ಕಾ, ಶೇಂಗಾ ಉಂಡಿಗೆ ಬೆಲ್ಲ ಎಷ್ಟು ಹಾಕ್ತೀರಿ?’ ‘ನೋಡ್ಕೊಂಡು ಹಾಕವಾ, ಅಂದಾಜು ಇಟ್ಕೊಂಡು.’ ಆ ಅಂದಾಜು ಹೇಳಿದವರ ಕೈಯಲ್ಲೇ ಉಳಿಯುತ್ತದೆ. ಬಟ್ಟಲಿನ ಲೆಕ್ಕ ಹೇಳಿದರೂ ಅಷ್ಟೇ. ಒಂದೇ ಬಟ್ಟಲಿಗೆ ಪುಡಿ ಬೆಲ್ಲ ಹಿಡಿಯುವಷ್ಟು ಹೆಂಟೆ ಬೆಲ್ಲ ಹಿಡಿಯುವುದಿಲ್ಲ. ಹಾಗಾಗಿ ಉಂಡಿ ಮಾಡುವ ಬಗೆಯನ್ನು ಇನ್ನೊಬ್ಬರಿಗೆ ಬರೆದು ಕೊಡುವಾಗ ಸಾಮಾನನ್ನು ಗ್ರಾಂನಲ್ಲಿ ಹೇಳಬೇಕು, ಪಾಕವನ್ನು ಮಾತ್ರ ನಿಮಿಷದಲ್ಲಿ ಹೇಳಬಾರದು. ಒಲೆ, ಪಾತ್ರೆ ಬದಲಾದರೆ ನಿಮಿಷವೂ ಬದಲಾಗುತ್ತದೆ. ಪಾಕದ ಗುರುತು ಎಲ್ಲ ಮನೆಯಲ್ಲೂ ಒಂದೇ.

ಮೊದಲು ಶೇಂಗಾ ಉಂಡಿ. ಅರ್ಧ ಕೆಜಿ ಶೇಂಗಾಕ್ಕೆ 350 ಗ್ರಾಂ ಬೆಲ್ಲ, 75 ಮಿಲಿ ನೀರು, ಒಂದು ಚಮಚ ತುಪ್ಪ, ನಾಲ್ಕು ಏಲಕ್ಕಿ. 30 ಗ್ರಾಂ ತೂಕದ್ದು ಕಟ್ಟಿದರೆ ಹೆಚ್ಚುಕಮ್ಮಿ 25 ಉಂಡಿ ಆಗುತ್ತವೆ. ಮೊದಲು ಕಪ್ಪಾದ, ಸುಕ್ಕಾದ, ಬೂಸಲು ಹಿಡಿದ ಕಾಳು ಆರಿಸಿ ತೆಗೆಯಿರಿ. ಒಂದೇ ಒಂದು ಮುಗ್ಗಲು ಕಾಳು ಬಾಯಿಗೆ ಬಂದರೆ ಇಡೀ ಉಂಡಿ ಕೆಟ್ಟಿತು. ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯಬೇಕು. ಉರಿ ದೊಡ್ಡದಾದರೆ ಸಿಪ್ಪೆ ಕರ್ರಗಾಗುತ್ತದೆ, ಒಳಗೆ ಹಸಿಯೇ ಇರುತ್ತದೆ. ಒಂದು ಕಾಳು ತಣ್ಣಗೆ ಮಾಡಿ ಕಡಿದು ನೋಡಿ: ‘ಕಟ್’ ಎನ್ನಬೇಕು, ಹಸಿ ವಾಸನೆ ಇರಬಾರದು. ಆರಿದ ಮೇಲೆ ತಿಕ್ಕಿ, ಮೊರದಲ್ಲಿ ಕೇರಿ ಸಿಪ್ಪೆ ತೆಗೆಯಿರಿ. ಕಾಳು ಎರಡು ಬೇಳೆ ಆದರೆ ಒಳ್ಳೆಯದು, ಪಾಕ ಚೆನ್ನಾಗಿ ಹಿಡಿಯುತ್ತದೆ.

ಬೆಲ್ಲ ಗಟ್ಟಿ ಇರಲಿ, ಬಡಿದರೆ ಒಡೆಯುವಂಥದ್ದು. ಬೆರಳಿಗೆ ಅಂಟುವ, ಬೆವತ ಹಳೆ ಬೆಲ್ಲ ಹೋಳಿಗೆಗೆ ನಡೆಯುತ್ತದೆ, ಉಂಡಿಗೆ ನಡೆಯುವುದಿಲ್ಲ. ಅದರ ಪಾಕ ಎಷ್ಟು ಕುದಿಸಿದರೂ ಸರಿಯಾಗಿ ಗಟ್ಟಿಯಾಗದು. ಬೆಲ್ಲ ನೀರಿನಲ್ಲಿ ಕರಗಿದ ಕೂಡಲೇ ಸೋಸಿ. ಮರಳಿನ ಒಂದು ಕಣ ಉಳಿದರೂ ಹಲ್ಲಿಗೆ ಗೊತ್ತಾಗುತ್ತದೆ.

ಸೋಸಿದ್ದನ್ನು ದಪ್ಪ ತಳದ ಪಾತ್ರೆಗೆ ಹಾಕಿ ಮಧ್ಯಮ ಉರಿಯಲ್ಲಿ ಕುದಿಸಿ. ಮೊದಲು ದೊಡ್ಡ ನೊರೆ ಬರುತ್ತದೆ. ಆಮೇಲೆ ಗುಳ್ಳೆ ಸಣ್ಣವಾಗಿ, ದಟ್ಟವಾಗಿ, ಬಣ್ಣ ಕೆಂಪಗಾಗುತ್ತದೆ. ಆಗ ಒಂದು ತಟ್ಟೆಯಲ್ಲಿ ತಣ್ಣೀರು ಇಟ್ಟುಕೊಂಡು ಒಂದು ಹನಿ ಬಿಡಿ. ಕರಗಿ ಹರಿದರೆ ಇನ್ನೂ ಆಗಿಲ್ಲ. ಕೂಡಿಸಿದಾಗ ಮೆತ್ತಗಿನ ಉಂಡಿಯಾಗಿ ಬೆರಳಿನಲ್ಲಿ ಚಪ್ಪಟೆಯಾದರೆ ಅದು ತಂಬಿಟ್ಟಿನ ಪಾಕ. ಗಟ್ಟಿ ಗೋಲಿಯಾಗಿ, ತಟ್ಟೆಗೆ ಎಸೆದರೆ ‘ಟಣ್’ ಎಂದರೆ ಶೇಂಗಾ ಉಂಡಿಯ ಪಾಕ. ಪ್ರತಿ ಸಲ ಹನಿ ನೋಡುವಾಗ ಒಲೆ ಆರಿಸುವುದನ್ನು ಮರೆಯಬೇಡಿ. ನೀವು ಗೋಲಿ ಒತ್ತಿ ನೋಡುವಷ್ಟರಲ್ಲಿ ಒಲೆಯ ಮೇಲಿನ ಪಾಕ ಮುಂದಕ್ಕೆ ಹೋಗಿರುತ್ತದೆ. ಹಾಗೆ ಮುಂದೆ ಹೋಗಿ, ಹನಿ ‘ಪಟ್’ ಎಂದು ಮುರಿಯತೊಡಗಿದರೆ ಉಂಡಿ ಕಟ್ಟುವ ಹಟ ಬಿಡಿ. ಶೇಂಗಾ ಸುರಿದು, ತುಪ್ಪ ಸವರಿದ ತಟ್ಟೆಗೆ ಹರಡಿ, ಬಿಸಿ ಇರುವಾಗಲೇ ಗೀರು ಹಾಕಿದರೆ ಒಳ್ಳೆಯ ಚಿಕ್ಕಿ ಆಗುತ್ತದೆ. ಪಾಕ ಹಿಂದೆ ಉಳಿದರೆ ಮಾತ್ರ ತೊಂದರೆ ಮರುದಿನ ಕಾಣುತ್ತದೆ. ಶ್ರಾವಣದ ಗಾಳಿಯಲ್ಲಿ ತೇವ, ಬೆಲ್ಲ ಅದನ್ನು ಎಳೆದುಕೊಳ್ಳುತ್ತದೆ, ಉಂಡಿ ಒಂದಕ್ಕೊಂದು ಅಂಟಿ ಕುಸಿಯುತ್ತವೆ.

ಪಾಕ ಬಂದೊಡನೆ ತುಪ್ಪ, ಏಲಕ್ಕಿ ಪುಡಿ, ಶೇಂಗಾ ಹಾಕಿ ಕಲಸಿ, ಪಾತ್ರೆಯನ್ನು ಕುದಿನೀರಿನ ಬೋಗುಣಿಯ ಮೇಲೆ ಇಟ್ಟುಕೊಂಡು ಕಟ್ಟಿ. ಕೈಗೆ ನೀರು ಹಚ್ಚಿಕೊಳ್ಳಬೇಡಿ, ಉಂಡಿ ಬೇಗ ಅಂಟಾಗುತ್ತದೆ. ಅಕ್ಕಿ ಹಿಟ್ಟು ಸಾಕು. ಬಿಸಿ ಕೈಗೆ ತಡೆಯದಿದ್ದರೆ ಮೊದಲು ಒರಟಾಗಿ ಒತ್ತಿ ಇಟ್ಟು, ಸ್ವಲ್ಪ ಆರಿದ ಮೇಲೆ ಮತ್ತೆ ದುಂಡಗೆ ಮಾಡಿ. ಅರ್ಧ ಕೆಜಿಗೆ ಕಟ್ಟುವವರು ಇಬ್ಬರು ಬೇಕು. ಒಬ್ಬರೇ ಇದ್ದರೆ ಪಾವು ಕೆಜಿ ಮಾತ್ರ ಹಾಕಿ.

ಎಳ್ಳುಂಡಿಯೂ ಇದೇ ಪಾಕದಲ್ಲಿ: 250 ಗ್ರಾಂ ಎಳ್ಳಿಗೆ 200 ಗ್ರಾಂ ಬೆಲ್ಲ. ಎಳ್ಳನ್ನು ತೊಳೆದು, ಗಾಳಿಸಿ, ಪೂರ್ತಿ ಒಣಗಿಸಿ ಹುರಿಯಿರಿ. ಚಟಪಟ ಸದ್ದು ಕಡಿಮೆಯಾಗತೊಡಗಿದಾಗ ಇಳಿಸಬೇಕು, ಹೊತ್ತಿದ ಎಳ್ಳು ಕಹಿ.

ಬೇಸನ್ ಉಂಡಿಗೆ ಅರ್ಧ ಕೆಜಿ ಕಡಲೆ ಹಿಟ್ಟು, 250 ಗ್ರಾಂ ತುಪ್ಪ, 400 ಗ್ರಾಂ ಸಕ್ಕರೆ ಪುಡಿ. ಹಿಟ್ಟು ಸ್ವಲ್ಪ ತರಿ ಇದ್ದರೆ ಬಾಯಿಗೆ ಮೆತ್ತಿಕೊಳ್ಳುವುದಿಲ್ಲ. ಸಣ್ಣ ಉರಿಯಲ್ಲಿ ಅರ್ಧ ತಾಸಿನವರೆಗೂ ಹುರಿಯುವ ತಾಳ್ಮೆ ಬೇಕು. ಹಿಟ್ಟು ಸಡಿಲಾಗಿ, ತುಪ್ಪ ಬಿಟ್ಟು, ಘಮ ಬರಬೇಕು. ಸಕ್ಕರೆ ಹಾಕುವುದು ಉಗುರುಬೆಚ್ಚಗಾದ ಮೇಲೆ. ಬಿಸಿಯಲ್ಲೇ ಹಾಕಿದರೆ ಸಕ್ಕರೆ ಕರಗಿ ಎಲ್ಲ ತೆಳ್ಳಗಾಗುತ್ತದೆ, ಉಂಡಿ ನಿಲ್ಲುವುದಿಲ್ಲ. ಹಾಗಾದರೆ ಹಿಟ್ಟು ಸುರಿಯಬೇಡಿ, ಹಸಿ ರುಚಿ ಬರುತ್ತದೆ. ಪೂರ್ತಿ ಆರಲು ಬಿಟ್ಟು ಮತ್ತೆ ಕಟ್ಟಿ.

ಅಂಟಿನ (ತಿನ್ನುವ ಗೋಂದಿನ) ಉಂಡಿಯಲ್ಲಿ ಕೆಡುವುದು ಅಂಟೊಂದೇ. ಒಂದೊಂದು ಚಿಟಿಕೆಯಷ್ಟೇ ಬಿಸಿ ತುಪ್ಪಕ್ಕೆ ಹಾಕಿ, ಒಳಗಿನವರೆಗೂ ಅರಳಿಸಿ. ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು, ನಡುವೆ ಗಟ್ಟಿ ಉಳಿದರೆ ಹಲ್ಲಿಗೆ ಹಿಡಿಯುತ್ತದೆ. ಕೊಬ್ಬರಿ, ಉತ್ತತ್ತಿ, ಗಸಗಸೆ ಅವರವರ ಮನೆಯ ರೂಢಿ.

ಪಂಚಮಿಯ ದಿನ ಹಲವು ಮನೆಗಳಲ್ಲಿ ಹಂಚು ಇಡುವುದಿಲ್ಲ, ಕರಿಯುವುದಿಲ್ಲ. ಹಿಂದಿನ ದಿನ ರೊಟ್ಟಿ ಹಬ್ಬದ ಗಡಿಬಿಡಿ: ಸಜ್ಜೆ ರೊಟ್ಟಿ, ಪಲ್ಯಗಳು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮನೆಮನೆಗೆ ಹಂಚುವುದು. ಆದ್ದರಿಂದ ಉಂಡಿಗಳೆಲ್ಲ ಮೂರು ದಿನ ಮೊದಲೇ ಮುಗಿದಿರಲಿ.

ಮಗಳ ಮನೆಗೋ, ಬೆಂಗಳೂರಿನ ಗೆಳತಿಗೋ ಬಸ್ಸಿನಲ್ಲಿ ಕಳಿಸುವುದಿದ್ದರೆ ಶೇಂಗಾ, ಎಳ್ಳು, ಅಂಟಿನ ಉಂಡಿ ಆರಿಸಿ. ಬೇಸನ್ ಉಂಡಿ ಕುಲುಕಾಟಕ್ಕೆ ಒಡೆಯುತ್ತದೆ, ಅದನ್ನು ಮೇಲಿಡಿ. ರವೆ ಉಂಡಿಗೆ ಹಸಿ ಕೊಬ್ಬರಿ ಹಾಕಿದ್ದರೆ ಕಳಿಸಲೇಬೇಡಿ, ನೆರೆಮನೆಗೆ ಕೊಟ್ಟುಬಿಡಿ. ಮೂರು ತಾಸಾದರೂ ಪರಾತದಲ್ಲಿ ಆರಿಸಿದ ಮೇಲೆ ಒಣ ಸ್ಟೀಲ್ ಡಬ್ಬಿಗೆ ತುಂಬಿ. ಬೆಚ್ಚಗಿರುವಾಗ ಮುಚ್ಚಿದರೆ ಮುಚ್ಚಳದ ಬೆವರು ಉಂಡಿಯ ಮೇಲೆ ಇಳಿದು ಬೂಸಲು ಬರುತ್ತದೆ. ತಲುಪುವಷ್ಟರಲ್ಲಿ ಶೇಂಗಾ ಉಂಡಿ ಅಂಟಂಟಾಗಿದ್ದರೆ ಪುಟಾಣಿ (ಹುರಿಗಡಲೆ) ಪುಡಿಯಲ್ಲಿ ಹೊರಳಿಸಿ ಇಡಲು ಹೇಳಿ, ಮತ್ತೆ ಬಿಡಿಬಿಡಿಯಾಗುತ್ತವೆ.