‘ತೃಪ್ತಿ ಇದೆ’ ಎಂದವರು ಏನನ್ನು ಕೇಳುವುದು ಬಿಟ್ಟಿದ್ದಾರೆ?

ಸಮೀಕ್ಷೆಗೆ ಪ್ರಶ್ನೆ ಬರೆಯುವುದು, ಬಂದ ಉತ್ತರಗಳನ್ನು ಓದಿ ವರದಿ ಮಾಡುವುದು ನನ್ನ ಕೆಲಸ. ಜನರಿಗೂ ಸರ್ಕಾರಕ್ಕೂ ನಡುವಿನ ಸಾಮಾಜಿಕ ಒಪ್ಪಂದ ಎಷ್ಟು ಗಟ್ಟಿಯಿದೆ ಎಂದು ಅಳೆದುಕೊಡಿ ಎಂಬ ಬೇಡಿಕೆ ಈ ಕೆಲಸದಲ್ಲಿ ಮತ್ತೆ ಮತ್ತೆ ಬರುತ್ತದೆ. ಕೇಳುವವರಿಗೆ ಸಾಮಾನ್ಯವಾಗಿ ಬೇಕಾಗಿರುವುದು ನೂರಕ್ಕೆ ಇಷ್ಟು ಎನ್ನುವ ಒಂದು ಅಂಕಿ. ಆ ಅಂಕಿ ಯಾಕೆ ಸಾಲದು ಎಂಬುದನ್ನು ಈ ಕೆಲಸವೇ ನನಗೆ ನಿಧಾನವಾಗಿ ಕಲಿಸಿತು.

ತತ್ವಜ್ಞಾನಿಗಳಾದ ಹಾಬ್ಸ್ 1651ರಲ್ಲಿ, ರೂಸೋ 1762ರಲ್ಲಿ ವಿವರಿಸಿದ ಈ ಒಪ್ಪಂದಕ್ಕೆ ಯಾರೂ ಸಹಿ ಹಾಕಿಲ್ಲ. ಜನ ತೆರಿಗೆ ಕಟ್ಟುತ್ತಾರೆ, ಕಾನೂನಿಗೆ ತಲೆಬಾಗುತ್ತಾರೆ. ಪ್ರತಿಯಾಗಿ ಪ್ರಭುತ್ವ ರಕ್ಷಣೆ ಕೊಡಬೇಕು, ಸೌಕರ್ಯ ಕೊಡಬೇಕು, ತೀರ್ಮಾನಗಳಲ್ಲಿ ಜನರ ಮಾತಿಗೆ ಜಾಗ ಕೊಡಬೇಕು. ಕಾಗದದ ಮೇಲಿಲ್ಲದ್ದನ್ನು ಅಳೆಯಬೇಕಾದಾಗ ನಾವೆಲ್ಲ ಕೈಗೆ ಸಿಗುವ ಸೂಚಕಗಳ ಮೊರೆ ಹೋಗುತ್ತೇವೆ: ಜಿಡಿಪಿಯಲ್ಲಿ ತೆರಿಗೆಯ ಪಾಲು, ಮತದಾನದ ಪ್ರಮಾಣ, ವಿಶ್ವಬ್ಯಾಂಕಿನ ಆಡಳಿತ ಸೂಚ್ಯಂಕಗಳು, ‘ಸರ್ಕಾರದ ಮೇಲೆ ನಿಮಗೆ ಎಷ್ಟು ನಂಬಿಕೆ?’ ಎಂಬ ಪ್ರಶ್ನೆ. ಬಹುತೇಕ ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ 2023ರಲ್ಲಿ 30 ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ರಾಷ್ಟ್ರೀಯ ಸರ್ಕಾರದ ಮೇಲೆ ತಕ್ಕಮಟ್ಟಿಗಾದರೂ ಹೆಚ್ಚಿನ ನಂಬಿಕೆ ಇದೆ ಎಂದವರು ಶೇ. 39, ನಂಬಿಕೆ ಕಡಿಮೆ ಅಥವಾ ಇಲ್ಲವೇ ಇಲ್ಲ ಎಂದವರು ಶೇ. 44. ಉಪಯೋಗಕ್ಕೆ ಬರುವ ಮಾಹಿತಿಯೇ. ಆದರೆ ಜನ ಕೊಟ್ಟದ್ದೆಷ್ಟು, ಅವರಿಗೆ ಬಂದದ್ದೆಷ್ಟು, ಬರಬೇಕು ಎಂದುಕೊಂಡದ್ದೆಷ್ಟು ಎಂಬ ಮೂರರಲ್ಲಿ ಒಂದನ್ನೂ ಈ ಅಂಕಿ ಹೇಳುವುದಿಲ್ಲ. ಮೂರರಲ್ಲಿ ಕೊನೆಯದೇ ಕಷ್ಟದ್ದು.

ಪ್ರಶ್ನಾವಳಿಯನ್ನು ಮೊದಲು ಕೆಲವೇ ಮನೆಗಳಲ್ಲಿ ಪರೀಕ್ಷಿಸಿ ನೋಡುವ ಪೈಲಟ್ ಹಂತದಲ್ಲಿ ಸಂದರ್ಶಕರ ಜೊತೆ ನಾನೂ ಮನೆಗಳಿಗೆ ಹೋಗಿ ಕೂರುತ್ತೇನೆ. ಒಂದು ಮನೆಯಲ್ಲಿ ನೀರಿನ ಪೂರೈಕೆ ಹೇಗಿದೆ ಎಂದು ಕೇಳಿದಾಗ ಮನೆಯಾಕೆ ಯೋಚಿಸದೆ ‘ತೃಪ್ತಿ ಇದೆ’ ಎಂದರು. ಐದಕ್ಕೆ ನಾಲ್ಕು ಎಂದು ಟ್ಯಾಬ್‌ನಲ್ಲಿ ದಾಖಲಾಯಿತು. ಅವರ ಬೆನ್ನ ಹಿಂದೆ ಗೋಡೆಯುದ್ದಕ್ಕೂ ಮುಚ್ಚಳ ಹಾಕಿದ ಡ್ರಮ್ಮುಗಳ ಸಾಲು. ಪ್ರಶ್ನಾವಳಿ ಮುಗಿದ ಮೇಲೆ, ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ ಎಂದು ಸುಮ್ಮನೆ ವಿಚಾರಿಸಿದೆ. ‘ಬಂದಾಗ ಹಿಡ್ಕೋತೀವಿ. ಬರಲಿಲ್ಲ ಅಂದ್ರೆ ಟ್ಯಾಂಕರಿನವರಿಗೆ ಫೋನ್ ಮಾಡ್ತೀವಿ.’ ದೂರು ಕೊಟ್ಟಿದ್ದೀರಾ ಎಂದಾಗ, ‘ಯಾರಿಗೆ ಕೊಡೋದು? ಕೊಟ್ರೆ ಏನಾಗುತ್ತೆ ಹೇಳಿ’ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಬರಬೇಕಾದರೆ, ತನಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ ಎಂಬ ಭಾವನೆಯಾದರೂ ಉಳಿದಿರಬೇಕಲ್ಲ.

ಇದು ಆ ಒಂದು ಮನೆಯ ಕಥೆಯಲ್ಲ. ಅಮೆರಿಕದ ರಾಜ್ಯಶಾಸ್ತ್ರಜ್ಞ ಗ್ಯಾರಿ ಕಿಂಗ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಮ್ಮ ವೃತ್ತಿಯವರೆಲ್ಲ ಓದಬೇಕಾದದ್ದು. ಸರ್ಕಾರದ ತೀರ್ಮಾನಗಳಲ್ಲಿ ನಿಮ್ಮ ಮಾತು ಎಷ್ಟು ನಡೆಯುತ್ತದೆ ಎಂದು ಚೀನಾ ಮತ್ತು ಮೆಕ್ಸಿಕೊದ ಜನರನ್ನು ಕೇಳಲಾಗಿತ್ತು. ಮೆಕ್ಸಿಕೊದಲ್ಲಿ 71 ವರ್ಷ ಅಧಿಕಾರದಲ್ಲಿದ್ದ ಪಕ್ಷವನ್ನು 2000ದಲ್ಲಿ ಮತದಾರರೇ ಕೆಳಗಿಳಿಸಿದ್ದರು. ಆದರೂ ನೇರ ಉತ್ತರಗಳಲ್ಲಿ ತಮ್ಮ ಮಾತು ಹೆಚ್ಚು ನಡೆಯುತ್ತದೆ ಎಂದವರು ಚೀನಾದವರು! ಸಂಶೋಧಕರು ಅಷ್ಟಕ್ಕೆ ನಿಲ್ಲಿಸಲಿಲ್ಲ. ಕುಡಿಯುವ ನೀರಿಲ್ಲದ ಕೆಲವು ಕಾಲ್ಪನಿಕ ವ್ಯಕ್ತಿಗಳ ಪುಟ್ಟ ಚಿತ್ರಣಗಳನ್ನೂ ಅದೇ ಜನರ ಮುಂದಿಟ್ಟರು. ಒಬ್ಬಳು ಈ ಸಮಸ್ಯೆ ಬಗೆಹರಿಸುತ್ತೇನೆ ಎಂದ ಅಭ್ಯರ್ಥಿಯ ಪರ ನೆರೆಹೊರೆಯವರೊಂದಿಗೆ ನಿಂತಿದ್ದಾಳೆ. ಇನ್ನೊಬ್ಬನಿಗೆ ಮತವೂ ಇಲ್ಲ, ಕೇಳುವವರೂ ಇಲ್ಲ, ಸುಮ್ಮನೆ ಸಹಿಸುತ್ತಿದ್ದಾನೆ. ಇವರ ಮಾತು ಎಷ್ಟು ನಡೆಯುತ್ತದೆ, ನೀವೇ ಹೇಳಿ ಎಂದರು. ಪ್ರತಿಯೊಬ್ಬರ ಸ್ವಂತ ಉತ್ತರವನ್ನು ಅವರೇ ಈ ವ್ಯಕ್ತಿಗಳಿಗೆ ಕೊಟ್ಟ ಅಂಕದ ಪಕ್ಕ ಇಟ್ಟು ನೋಡಿದಾಗ ಎರಡು ದೇಶಗಳ ಸ್ಥಾನ ತಿರುವುಮುರುವಾಯಿತು. ‘ಸ್ವಲ್ಪ ನಡೆಯುತ್ತದೆ’ ಎಂಬ ಮಾತಿನ ಅಳತೆ ಇಬ್ಬರಿಗೂ ಒಂದೇ ಆಗಿರಲಿಲ್ಲ.

ಯಾರು ಕೇಳುತ್ತಿದ್ದಾರೆ ಎಂಬುದೂ ಉತ್ತರವನ್ನು ಬದಲಿಸುತ್ತದೆ. ಆಫ್ರಿಕಾದ ಹಲವು ದೇಶಗಳಲ್ಲಿ ನಡೆಯುವ ಆಫ್ರೋಬ್ಯಾರೋಮೀಟರ್ ಜನಾಭಿಪ್ರಾಯ ಸಮೀಕ್ಷೆಯಲ್ಲಿ ಸಂದರ್ಶನದ ಕೊನೆಗೆ ‘ನಮ್ಮನ್ನು ಯಾರು ಕಳಿಸಿದ್ದಾರೆ ಅಂತ ನಿಮಗನಿಸುತ್ತದೆ?’ ಎಂದು ಕೇಳುತ್ತಾರೆ. ತಾವು ಸ್ವತಂತ್ರ ಸಂಸ್ಥೆಯವರು ಎಂದು ಮೊದಲೇ ಹೇಳಿದ್ದರೂ ಸರ್ಕಾರವೇ ಕಳಿಸಿದ್ದು ಎನ್ನುವವರು ಬಹಳ. ಹಾಗೆ ಭಾವಿಸಿದವರ ಉತ್ತರದಲ್ಲಿ ಸರ್ಕಾರದ ಮೇಲಿನ ನಂಬಿಕೆ ಹೆಚ್ಚಾಗಿ ಕಾಣುತ್ತದೆ. ನಾನು ಬರೆಯುವ ಯಾವ ಪ್ರಶ್ನಾವಳಿಯೂ ಈಗ ಈ ಪ್ರಶ್ನೆಯಿಲ್ಲದೆ ಫೀಲ್ಡಿಗೆ ಹೋಗುವುದಿಲ್ಲ.

ಹೊಸಬರಿಗೆ ತರಬೇತಿ ಕೊಡುವಾಗ ಉತ್ತರ ಆಫ್ರಿಕಾದ ಟುನೀಶಿಯಾದ ವಿಷಯ ತಪ್ಪದೆ ತೆಗೆಯುತ್ತೇನೆ. 2010ರವರೆಗೆ ಅಲ್ಲಿ ಆರ್ಥಿಕತೆ ಬೆಳೆಯುತ್ತಿತ್ತು, ಬಡತನ ಇಳಿಯುತ್ತಿತ್ತು. ಹೊರಗಿನಿಂದ ನೋಡುವವರ ಪಟ್ಟಿಗಳಲ್ಲಿ ಅದು ಒಳ್ಳೆಯ ವಿದ್ಯಾರ್ಥಿ. ಅದೇ ಹೊತ್ತಿಗೆ ಗ್ಯಾಲಪ್ ಎಂಬ ಸಂಸ್ಥೆಯ ಜನಾಭಿಪ್ರಾಯ ಸಮೀಕ್ಷೆಯಲ್ಲಿ, ಬದುಕು ಚೆನ್ನಾಗಿ ಸಾಗುತ್ತಿದೆ ಎಂಬ ಗುಂಪಿಗೆ ಸೇರುವವರು 2008ರ ಶೇ. 24ರಿಂದ 2010ಕ್ಕೆ ಶೇ. 14ಕ್ಕೆ ಇಳಿದಿದ್ದರು. 2010ರ ಡಿಸೆಂಬರ್ 17ರಂದು ಸಿದಿ ಬೂಜಿದ್‌ನಲ್ಲಿ ತಳ್ಳುಗಾಡಿಯ ವ್ಯಾಪಾರಿ ಮೊಹಮ್ಮದ್ ಬೂಅಜೀಜಿಯ ಸಾಮಾನನ್ನು ಅಧಿಕಾರಿಗಳು ಕಿತ್ತುಕೊಂಡರು. ಆತ ದೂರು ಹೇಳಲು ಆಡಳಿತ ಕಚೇರಿಗೆ ಹೋದ, ಯಾರೂ ಕೇಳಿಸಿಕೊಳ್ಳಲಿಲ್ಲ. ಆ ಕಚೇರಿಯ ಎದುರೇ ಬೆಂಕಿ ಹಚ್ಚಿಕೊಂಡ. ತಿಂಗಳು ತುಂಬುವ ಮೊದಲೇ, ಜನವರಿ 14ರಂದು, ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದರು. ಆದಾಯ, ಬಡತನ ಅಳೆಯುವ ಅಂಕಣಗಳಲ್ಲಿ ‘ದೂರು ಹೇಳಲು ಹೋದರೆ ಕೇಳುತ್ತಾರೆಯೇ’ ಎಂಬುದಕ್ಕೆ ಜಾಗವೇ ಇರಲಿಲ್ಲ.

ಹಾಗಾಗಿ ಈಗ ತೃಪ್ತಿಯ ಪ್ರಶ್ನೆಗೂ ಮೊದಲು ಇನ್ನೊಂದನ್ನು ಇಡುತ್ತೇನೆ: ‘ಇದನ್ನು ಸರ್ಕಾರ ಮಾಡಿಕೊಡಲೇಬೇಕು ಎಂದು ನಿಮಗನಿಸುತ್ತದೆಯೇ?’ ತೃಪ್ತಿಯ ನಂತರ: ‘ಕಳೆದ ಸಲ ತೊಂದರೆಯಾದಾಗ ಏನು ಮಾಡಿದಿರಿ?’ ದೂರು ಕೊಟ್ಟರೋ, ಪರಿಚಯದವರನ್ನು ಹಿಡಿದರೋ, ಕೈಯಿಂದ ದುಡ್ಡು ಹಾಕಿ ಖಾಸಗಿಯವರ ಬಳಿ ಹೋದರೋ, ಸುಮ್ಮನಾದರೋ. ಈ ಮೂರು ಉತ್ತರಗಳನ್ನು ಒಂದೇ ಮನೆಯ ಮಟ್ಟದಲ್ಲಿ ಜೋಡಿಸಿದರೆ ಚಿತ್ರವೇ ಬದಲಾಗುತ್ತದೆ. ಸರ್ಕಾರವನ್ನು ಜೋರಾಗಿ ಬೈಯುತ್ತಾ ಅರ್ಜಿ ಹಿಡಿದು ಕಚೇರಿಗೆ ಅಲೆಯುವವರು ಒಪ್ಪಂದದೊಳಗೇ ಇದ್ದಾರೆ. ಅದು ಈಡೇರಲಿ ಎಂದು ಪಟ್ಟು ಹಿಡಿದಿದ್ದಾರೆ. ಟ್ಯಾಂಕರ್, ಟ್ಯೂಷನ್, ಕಾವಲುಗಾರ ಎಂದು ಒಂದೊಂದನ್ನೇ ತಾವೇ ಹೊಂದಿಸಿಕೊಂಡು ‘ನಮಗೇನೂ ತೊಂದರೆಯಿಲ್ಲ’ ಎನ್ನುವವರು ಹೊರಗೆ ಕಾಲಿಟ್ಟಾಗಿದೆ. ಸಾಮಾನ್ಯ ಸೂಚ್ಯಂಕ ಮೊದಲನೆಯವರಿಗೆ ಅಂಕ ಕಳೆದು ಎರಡನೆಯವರಿಗೆ ಅಂಕ ಕೊಡುತ್ತದೆ. ಇದನ್ನು ಕಂಡಾಗ ನನಗೆ ಈಗಲೂ ಸಂಕಟವಾಗುತ್ತದೆ, ಯಾಕೆಂದರೆ ಆ ಅಂಕಿಯನ್ನೇ ನೋಡಿ ಯಾವ ಊರಿಗೆ ಗಮನ ಬೇಡ ಎಂದು ತೀರ್ಮಾನಿಸುವವರಿದ್ದಾರೆ.

ಒಂದೇ ಅಂಕಿ ಬೇಕು ಎಂದು ಹಟ ಹಿಡಿದವರಿಗೆ ಅದನ್ನೂ ಕೊಡುತ್ತೇನೆ, ಆದರೆ ನಿರೀಕ್ಷೆಯ ಅಂಕಣವನ್ನು ಪಕ್ಕದಲ್ಲೇ ಇಟ್ಟು. ಸರಾಸರಿಯ ಜೊತೆಗೆ ಪ್ರದೇಶವಾರು, ಆದಾಯವಾರು ಹಂಚಿಕೆಯೂ ಇರುತ್ತದೆ. ಇನ್ನು ಬಾಗಿಲು ತೆರೆಯದವರು, ‘ನಮ್ಮನ್ನೇನೂ ಕೇಳಬೇಡಿ’ ಎಂದು ವಾಪಸು ಕಳಿಸಿದವರು. ವರದಿಗಳಲ್ಲಿ ಇವರ ಪ್ರಮಾಣ ಅನುಬಂಧದ ಒಂದು ಸಾಲಾಗಿ ಮುಗಿದುಹೋಗುತ್ತದೆ. ಸರ್ಕಾರದ ಸಹವಾಸವೇ ಬೇಡ ಎಂದವರು ಅವರಲ್ಲೇ ಹೆಚ್ಚಿರಬಹುದಾದ್ದರಿಂದ, ನಿರಾಕರಣೆಗೆ ಅವರು ಕೊಟ್ಟ ಕಾರಣವನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಲು ಸಂದರ್ಶಕರಿಗೆ ಹೇಳಿದ್ದೇನೆ. ಆ ಪ್ರಮಾಣ, ಆ ಮಾತುಗಳು ಈಗ ನನ್ನ ವರದಿಯ ಮೊದಲ ಪುಟದಲ್ಲೇ ಇರುತ್ತವೆ.