ಆಂಬಿಲ್ ಓಢಾ ನಕ್ಷೆ, ಮೂರನೇ ವಾರ: 30 ಮೀಟರ್ ಚೌಕ ಕೂತಿತು

ಈ ವಾರ ನಾಲ್ಕು ಸಂಜೆ ಒಂದೇ ಕೆಲಸಕ್ಕೆ ಹೋಯಿತು. ನಕ್ಷೆಯ ಒಂದೊಂದು ಪಿಕ್ಸೆಲ್ ನೆಲದ ಮೇಲೆ ಎಷ್ಟು ದೊಡ್ಡದಿರಬೇಕು, ಎಲ್ಲಿಂದ ಶುರುವಾಗಬೇಕು ಅಂತ ಕೋಡ್‌ನಲ್ಲಿ ಹೇಳುವ ಕೆಲಸ. ಹೋದ ಹೊತ್ತಿಗೆ ಬೇಸರವಿಲ್ಲ. ಇದು ಸರಿಯಾಗದಿದ್ದರೆ ಮುಂದಿನ ಯಾವ ಲೆಕ್ಕವನ್ನೂ ನಂಬುವ ಹಾಗಿಲ್ಲ.

ಹೊಸದಾಗಿ ಓದುವವರಿಗೆ ಎರಡು ಮಾತು. ಪುಣೆಯ ಕಾತ್ರಜ್ ಗುಡ್ಡದಿಂದ ಇಳಿದು ಮುಠಾ ನದಿ ಸೇರುವ ಆಂಬಿಲ್ ಓಢಾದ ದಾರಿಯನ್ನು ಎತ್ತರದ ಡೇಟಾದಿಂದ ಬಿಡಿಸುತ್ತಿದ್ದೇನೆ. ಓಢಾ ಅಂದರೆ ನಮ್ಮ ಹಳ್ಳ. 2019ರ ಸೆಪ್ಟೆಂಬರ್ 25ರ ರಾತ್ರಿ ಇದು ಉಕ್ಕಿ ಹರಿದು ಜನ ಸತ್ತರು. ನಮ್ಮ ಕೆಳಗಿನ ಮನೆಯ ಕಾಕಾ ವಿಜಯಪುರದವರು. ಆ ರಾತ್ರಿ ಟ್ರಂಕುಗಳನ್ನು ಮಂಚದ ಮೇಲಿಟ್ಟು ಬೆಳಗಿನ ತನಕ ಮೆಟ್ಟಿಲ ಮೇಲೆ ಕೂತಿದ್ದರಂತೆ. "ನೀರು ಯಾವ ಕಡೆಯಿಂದ ಬಂತು ಅನ್ನೋದು ನಿನ್ನ ನಕಾಶೆದಾಗ ಕಾಣತೈತೇನು ತಮ್ಮಾ?" ಅಂತ ಕೇಳಿದರು. ಅಲ್ಲಿಂದಲೇ ಇದು ಶುರು.

ಎತ್ತರಕ್ಕೆ ಎಸ್‌ಆರ್‌ಟಿಎಂ ಅನ್ನುವ ಡೇಟಾ ಇಳಿಸಿಕೊಂಡಿದ್ದೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆಯ ರಾಡಾರ್ ಅಳೆದದ್ದು. ಎಲ್ಲರೂ ಇದನ್ನು 30 ಮೀಟರ್ ಡೇಟಾ ಅನ್ನುತ್ತಾರೆ. ಫೈಲಿನಲ್ಲಿರುವುದು ಮೀಟರ್ ಅಲ್ಲ, ಒಂದು ಆರ್ಕ್ ಸೆಕೆಂಡ್. ಅಂದರೆ ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು. ಪುಣೆಯಲ್ಲಿ ಅದು ಉತ್ತರ-ದಕ್ಷಿಣಕ್ಕೆ ಸುಮಾರು 30.7 ಮೀಟರ್, ಪೂರ್ವ-ಪಶ್ಚಿಮಕ್ಕೆ ಸುಮಾರು 29.3. ಚೌಕವೇ ಅಲ್ಲ! ನೀರು ಸುತ್ತಲಿನ ಎಂಟು ಪಿಕ್ಸೆಲ್‌ಗಳಲ್ಲಿ ಅತಿ ಕಡಿದಾದ ಕಡೆಗೆ ಇಳಿಯುತ್ತದೆ ಅನ್ನುವುದು ನನ್ನ ಲೆಕ್ಕ. ಅದಕ್ಕೆ ಎಲ್ಲ ದೂರವೂ ಮೀಟರ್‌ನಲ್ಲೇ ಬೇಕು. ಹಾಗಾಗಿ ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯ. ಇಂಥ ಪದ್ಧತಿಗಳ ಇಪಿಎಸ್‌ಜಿ ಪಟ್ಟಿಯಲ್ಲಿ ಅದರ ಸಂಖ್ಯೆ 32643. ಮುಂಬೈ, ಗೋವಾ, ಬೆಂಗಳೂರು ಕೂಡ ಇದೇ ವಲಯದಲ್ಲಿವೆ.

ಡಿಗ್ರಿಯಿಂದ ಮೀಟರ್‌ಗೆ ತರಲು ಬಳಸುವುದು ರಾಸ್ಟೀರಿಯೋ ಅನ್ನುವ ಪೈಥಾನ್ ಲೈಬ್ರರಿ. ಸೋಮವಾರ ಅದಕ್ಕೆ ರೆಸಲ್ಯೂಶನ್, ಅಂದರೆ ಪಿಕ್ಸೆಲ್‌ನ ಅಳತೆ, ಏನೂ ಹೇಳದೆ ಬಿಟ್ಟೆ. ಹಳೆಯ ಚಿತ್ರದ ಕರ್ಣದಲ್ಲಿ ಎಷ್ಟು ಪಿಕ್ಸೆಲ್ ಇದ್ದವೋ ಹೊಸದರಲ್ಲೂ ಹೆಚ್ಚುಕಮ್ಮಿ ಅಷ್ಟೇ ಬರುವ ಹಾಗೆ ಅದು ತಾನೇ ಒಂದು ಅಳತೆ ಆರಿಸಿತು. 30ಕ್ಕಿಂತ ಚೂರು ಜಾಸ್ತಿ, ಹಿಂದೆ ದಶಮಾಂಶಗಳ ಉದ್ದ ಬಾಲ. ನೋಡಲು ಪರವಾಗಿಲ್ಲ, ಆದರೆ ಇನ್ನೊಂದು ಪದರ ಇದರ ಮೇಲೆ ಕೂರುವುದಿಲ್ಲ.

ಮಂಗಳವಾರ ಹಳೆಯ ಫೈಲಿನಲ್ಲಿ ಡಿಗ್ರಿಯಲ್ಲಿದ್ದ 0.000277 ಅನ್ನೇ ರೆಸಲ್ಯೂಶನ್ ಅಂತ ಕೊಟ್ಟುಬಿಟ್ಟೆ. ಮೆಮೊರಿ ಸಾಲದೆ ಪ್ರೋಗ್ರಾಂ ನಿಂತಿತು. ಕೊಡುವ ಸಂಖ್ಯೆ ಯಾವಾಗಲೂ ಹೊಸ ಫೈಲಿನ ಪದ್ಧತಿಯ ಮಾನದಲ್ಲಿರಬೇಕು. ಯುಟಿಎಂನಲ್ಲಿ ಅದು ಮೀಟರ್. ಅಂದರೆ ನಾನು ಕೇಳಿದ್ದು 0.28 ಮಿಲಿಮೀಟರ್ ಪಿಕ್ಸೆಲ್. ಡೇಟಾ ಬರುವ ಒಂದು ಡಿಗ್ರಿ ಅಗಲದ ತುಂಡಿಗೆ, ಅಂದರೆ ಟೈಲ್‌ಗೆ, ಸುಮಾರು 38 ಕೋಟಿ ಕಾಲಂ! ಉಲ್ಟಾ ಮಾಡಿದರೆ, ಡಿಗ್ರಿ ಪದ್ಧತಿಯಲ್ಲೇ ಇದ್ದುಕೊಂಡು 30 ಅಂದರೆ, ಇಡೀ ಟೈಲ್ ಒಂದೇ ಪಿಕ್ಸೆಲ್ ಒಳಗೆ ಅಡಗುತ್ತದೆ.

ಬುಧವಾರ 30 ಅಂತ ಕೊಟ್ಟೆ. ಅಳತೆ ಬಂತು, ಜಾಗ ಬರಲಿಲ್ಲ. ಎತ್ತರ, ನೆಲದ ಬಳಕೆ ಎರಡೂ ಪದರಗಳಿಗೆ 30 ಮೀಟರ್ ಪಿಕ್ಸೆಲ್, ಆದರೆ ಮೂಲೆಗಳು ಬೇರೆ ಬೇರೆ ಕಡೆ. ಒಂದರ ಪಿಕ್ಸೆಲ್ ಇನ್ನೊಂದರ ನಾಲ್ಕು ಪಿಕ್ಸೆಲ್‌ಗಳ ಮೇಲೆ ಕಾಲು ಚಾಚಿತ್ತು. ಈಗ ಗ್ರಿಡ್ ಅನ್ನು ನಾನೇ ಬರೆದಿದ್ದೇನೆ. ಯುಟಿಎಂ ಮೀಟರ್‌ನಲ್ಲಿ ಎಡ ಅಂಚು 372000, ಮೇಲಿನ ಅಂಚು 2052000, ಬಲ 390000, ಕೆಳಗೆ 2031000. ನಾಲ್ಕೂ 30ರಿಂದ ಭಾಗವಾಗುತ್ತವೆ. 600 ಕಾಲಂ, 700 ಸಾಲು, ಒಟ್ಟು 4 ಲಕ್ಷ 20 ಸಾವಿರ ಚೌಕ. ಗ್ರಿಡ್‌ನ ಮೂಲೆ, ಪಿಕ್ಸೆಲ್ ಅಳತೆ ಹೇಳುವ ಟ್ರಾನ್ಸ್‌ಫಾರ್ಮ್ ಅನ್ನು ಕೈಯಿಂದ ಬರೆಯುವವರು ಉತ್ತರ-ದಕ್ಷಿಣ ದಿಕ್ಕಿನ 30ಕ್ಕೆ ಮೈನಸ್ ಹಾಕಲೇಬೇಕು. ಸಾಲುಗಳು ಮೇಲಿನಿಂದ ಕೆಳಕ್ಕೆ ಎಣಿಕೆಯಾಗುತ್ತವೆ, ಅಲ್ವಾ? ಇದೇ ಕೆಲಸಕ್ಕೆ ಜಿಡಿಎಎಲ್ ವಾರ್ಪ್ ಅನ್ನುವ ಕಮಾಂಡ್ ಬಳಸುವವರಿಗೆ ಇನ್ನೂ ಸುಲಭ. ಅದರ ಟಿಆರ್ ಆಯ್ಕೆಗೆ 30 30 ಕೊಟ್ಟು, ಟಿಎಪಿ ಆಯ್ಕೆ ಸೇರಿಸಿದರೆ ಅಂಚುಗಳನ್ನು ಅದೇ 30ರ ಗುಣಕಕ್ಕೆ ಹೊಂದಿಸುತ್ತದೆ.

ನೆಲದ ಬಳಕೆಗೆ ಯುರೋಪಿನ ಬಾಹ್ಯಾಕಾಶ ಸಂಸ್ಥೆಯ 2021ರ ವರ್ಲ್ಡ್‌ಕವರ್ ನಕ್ಷೆ ಹಾಕಿದೆ. ಅದನ್ನೂ ಎತ್ತರದ ಹಾಗೆಯೇ, ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ ತೆಗೆಯುವ ಬೈಲೀನಿಯರ್‌ನಲ್ಲಿ ತಂದಾಗ ಕಾತ್ರಜ್ ಕೆರೆಯ ದಂಡೆಯಲ್ಲಿ ಕಟ್ಟಡಗಳು ಎದ್ದವು. ಅಲ್ಲಿ ಕಟ್ಟಡ ಇಲ್ಲ, ನಾನು ವಾರಕ್ಕೊಮ್ಮೆ ಅಲ್ಲೇ ನಡೆಯುತ್ತೇನೆ. ಆ ಡೇಟಾದಲ್ಲಿ ಪೊದೆಗೆ 20, ನೀರಿಗೆ 80, ಕಟ್ಟಡಕ್ಕೆ 50. 20ಕ್ಕೂ 80ಕ್ಕೂ ನಡುವೆ ಸರಾಸರಿ ತೆಗೆದರೆ 50! ಈ ಸಂಖ್ಯೆಗಳು ಬರೀ ಹೆಸರು, ಅಳತೆಯಲ್ಲ. ಸರಾಸರಿಯ ಬದಲು ಮೋಡ್ ಹಾಕಿದೆ. ಚೌಕದೊಳಗೆ ಯಾವುದು ಜಾಸ್ತಿ ಇದೆಯೋ ಅದೇ ಉಳಿಯುತ್ತದೆ. ದಂಡೆ ಸರಿಯಾಯಿತು.

10 ಮೀಟರ್ ಮಾಡಿದರೆ ಹಳ್ಳ ಚೆನ್ನಾಗಿ ಕಾಣುತ್ತದೆ ಅನ್ನುವ ಆಸೆ ನನಗೂ ಇತ್ತು. ಗುರುವಾರ ಮಾಡಿ ನೋಡಿದೆ. ಒಂದು ಚೌಕದ ಜಾಗದಲ್ಲಿ ಒಂಬತ್ತು ಬಂದವು, ನೆರಳು ನುಣುಪಾಯಿತು. ಹೊಸ ತಗ್ಗು ಒಂದೂ ಬರಲಿಲ್ಲ. ರಾಡಾರ್ ಅಳೆಯದ್ದನ್ನು ನನ್ನ ಕೋಡ್ ಎಲ್ಲಿಂದ ತರಬೇಕು? ಕೆಲವೇ ಮೀಟರ್ ಅಗಲದ ಕಾಲುವೆ, ಸೇತುವೆ ಕೆಳಗಿನ ಕಂಡಿ ಇವೆಲ್ಲ ಈ ಡೇಟಾಗೆ ಕಾಣುವುದಿಲ್ಲ. 30ಕ್ಕೇ ವಾಪಸ್ ಬಂದೆ.

ಎತ್ತರದ ಡೇಟಾದಲ್ಲಿ ನೀರು ಸಿಕ್ಕಿಕೊಳ್ಳುವ ಗುಂಡಿಗಳನ್ನು ತುಂಬಿಸಿ ಹರಿವಿನ ಲೆಕ್ಕ ಓಡಿಸಿದಾಗ ಕಾತ್ರಜ್‌ನಿಂದ ಉತ್ತರಕ್ಕೆ ಒಂದು ಗೆರೆ ಬಂತು. ಗುಡ್ಡದ ಕಡೆ ನಿಜವಾದ ಹಳ್ಳದ ಮೇಲೇ ಇದೆ. ಕಟ್ಟಡಗಳು ದಟ್ಟವಾದ ಕಡೆ ಎರಡು ಮೂರು ಚೌಕ ಪಕ್ಕಕ್ಕೆ ಹೋಗಿದೆ. ಭಾನುವಾರ ಬೆಳಗ್ಗೆ ಕಾಕಾ ಜೊತೆ ದಂಡೆಯ ಮೇಲೆ ನಡೆದು ಫೋನಿನಲ್ಲಿ ಪಾಯಿಂಟ್ ಗುರುತು ಹಾಕುತ್ತೇನೆ. ಅವನ್ನೂ 32643ಕ್ಕೆ ತಂದು ಇದೇ ಗ್ರಿಡ್ ಮೇಲಿಡಬೇಕು.